ನೀರು ಬರುವ ದಿನದ ಲೆಕ್ಕ

ಸೋಲಾಪುರದ ಮನೆಗಳಲ್ಲಿ ಎರಡು ಪಂಚಾಂಗಗಳಿರುತ್ತವೆ. ಒಂದು ಗೋಡೆಯ ಮೇಲೆ ತೂಗುವುದು. ಇನ್ನೊಂದು ಮನೆಯ ಹೆಣ್ಣುಮಕ್ಕಳ ನೆನಪಿನಲ್ಲಿರುವುದು; ಅದರಲ್ಲಿ ತಿಥಿ-ವಾರಗಳಿಲ್ಲ, ನೀರು ಬರುವ ದಿನ ಮತ್ತು ಬಾರದ ದಿನ ಎಂಬ ಎರಡೇ ಗುರುತುಗಳಿವೆ. ಮೂರು ದಿನಕ್ಕೊಮ್ಮೆಯೋ ನಾಲ್ಕೈದು ದಿನಕ್ಕೊಮ್ಮೆಯೋ ನಳದಲ್ಲಿ ಸದ್ದು ಕೇಳಿದೊಡನೆ ಇಡೀ ಓಣಿ ಎಚ್ಚರಗೊಳ್ಳುತ್ತದೆ. ಅಂದು ಕೊಡ ಹಿಡಿದು ನಿಂತ ಮಗು ಶಾಲೆಗೆ ತಡವಾಗಿ ಹೋಗುತ್ತದೆ, ಇಲ್ಲವೆ ಹೋಗುವುದೇ ಇಲ್ಲ. ಕನ್ನಡ ಶಾಲೆಯ ಗುರುಗಳೊಬ್ಬರು ಹಾಜರಿ ಪುಸ್ತಕ ತೋರಿಸಿ, ‘ಈ ಗೈರುಹಾಜರಿಗಳನ್ನು ನೋಡಿದರೆ ಯಾವ ಓಣಿಗೆ ಯಾವ ದಿನ ನೀರು ಬಂದಿತೆಂದು ಹೇಳಬಹುದು’ ಎಂದು ನನಗೊಮ್ಮೆ ಹೇಳಿದ್ದರು. ಅವರು ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ಇದು ನೀರಿನ ಹಂಬಲದಿಂದಲೇ ಬೆಳೆದ ಊರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ರಾಘವಾಂಕನು ಅವರ ಚರಿತ್ರೆಯನ್ನೇ ಕಾವ್ಯವಾಗಿ ಬರೆದನು. ಬ್ರಿಟಿಷರ ಕಾಲದಲ್ಲಿ ಹಿಪ್ಪರಗಾ ಬಳಿಯ ಏಕರುಖ ಕೆರೆ ಆಯಿತು. ಈಗ ಭೀಮೆಗೆ ಅಡ್ಡಲಾಗಿ ನಿಂತ ಉಜನಿ ಜಲಾಶಯದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಕೊಳವೆಯಲ್ಲಿ ನೀರು ಹರಿದು ಬರುತ್ತದೆ. ಅಕ್ಕಲಕೋಟೆಗೆ ಬೋರಿ ಹೊಳೆಯ ಕುರನೂರು ಜಲಾಶಯವಿದೆ. ಅಷ್ಟು ದೂರ ಬಂದ ನೀರು ನಮ್ಮ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಪಾಲಿಕೆಯ ಹೊಣೆಯಲ್ಲ, ನಮ್ಮದು. ಹೌದ, ಪಂಪು, ಪೈಪು, ಎಲ್ಬೋ, ವಾಲ್ವುಗಳ ಈ ಸಣ್ಣ ಸಂಸಾರದ ಬಗೆಗೆ ಎರಡು ಮಾತು ಬರೆಯಬೇಕೆಂದು ಹೊರಟಿದ್ದೇನೆ. ನಾನು ಎಂಜಿನಿಯರನಲ್ಲ, ವಕೀಲ. ಆದರೆ ಈ ವಿಷಯದಲ್ಲಿ ಸೋತು ಕಲಿತವನು.

ಸೋಲಿನ ಕತೆ

ಕೆಲವು ವರ್ಷಗಳ ಹಿಂದೆ ಮನೆಯ ಮೇಲೆ ಇನ್ನೊಂದು ಮಜಲೆ ಎತ್ತಿದೆವು. ಹಳೆಯ ಪಂಪಿನ ಬದಲು ಒಂದು ಎಚ್‌ಪಿ ಪಂಪು ತಂದೆ. ದೊಡ್ಡದಾದಷ್ಟೂ ಒಳ್ಳೆಯದೆಂಬುದು ನನ್ನ ತಿಳುವಳಿಕೆ. ಪೈಪು ಮಾತ್ರ ಹಳೆಯದೇ. ಮುಕ್ಕಾಲು ಇಂಚಿನ ಕಬ್ಬಿಣದ್ದು, ಒಳಗೆ ತುಕ್ಕು ಹಿಡಿದದ್ದು. ಮೇಲಿನ ಮಜಲೆಗೆ ಪ್ಲಾಸ್ಟಿಕ್ ಪೈಪು ಜೋಡಿಸಿದೆವು. ಅಂಗಡಿಯವನು ‘ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇನೆ’ ಎಂದ, ನಾನೂ ಒಪ್ಪಿದೆ.

ಸಾವಿರ ಲೀಟರಿನ ಟಾಕಿ ತುಂಬಲು ಗಂಟೆಗೂ ಹೆಚ್ಚು ಹೊತ್ತು ಹಿಡಿಯತೊಡಗಿತು. ‘ಇಷ್ಟ್ ದೊಡ್ಡ ಮೋಟರ್ ತಂದಿ, ಒಂದ್ ಕೊಡಾನೂ ಲಗೂ ತುಂಬವಲ್ದಲ್ಲೋ ತಮ್ಮಾ’ ಎಂದು ಅವ್ವ ಗೊಣಗಿದಳು. ಮೂರನೆಯ ತಿಂಗಳು, ಕಬ್ಬಿಣಕ್ಕೂ ಪ್ಲಾಸ್ಟಿಕ್ಕಿಗೂ ಬೆಸುಗೆಯಾದ ಕಡೆ ಫಿಟ್ಟಿಂಗು ಸೀಳಿತು. ರಾತ್ರಿಯಿಡೀ ಸೋರಿ ನಾಲ್ಕು ದಿನದ ನೀರು ಗಟಾರ ಸೇರಿತು. ಅದಕ್ಕಿಂತ ದೊಡ್ಡದು ಆಮೇಲೆ ಘಟಿಸಿತು. ಶಾಲೆಗೆ ಹೊರಟ ಮಗಳು ಪಂಪಿನ ಬಳಿಯ ನಳದಲ್ಲಿ ಕೈ ತೊಳೆಯಲು ಹೋಗಿ ಚೀರಿದಳು. ಪಂಪಿನ ಮೈಯಿಂದ ಸೋರಿದ ವಿದ್ಯುತ್ತು ಕಬ್ಬಿಣದ ಪೈಪಿನಲ್ಲಿ ಹರಿದಿತ್ತು. ಪಂಪಿಗೆ ಎರಡೇ ಕಡ್ಡಿಯ ಪ್ಲಗ್ಗು ಹಾಕಿದ್ದೆವು, ಭೂಸಂಪರ್ಕವೇ ಇರಲಿಲ್ಲ. ಕಾಲಲ್ಲಿ ಚಪ್ಪಲಿಯಿತ್ತು, ಮಗು ಉಳಿಯಿತು. ಅಂದಿನ ಆ ಚೀತ್ಕಾರ ಇಂದಿಗೂ ನನ್ನ ಕಿವಿಯಲ್ಲಿದೆ.

ಅಂಗಡಿಯವನ ಮೇಲೆ ದಾವೆ ಹೂಡೋಣವೆಂದರೆ, ಇಪ್ಪತ್ತು ವರ್ಷದಿಂದ ಕಕ್ಷಿದಾರರಿಗೆ ‘ಪಾವತಿ ಇಟ್ಟುಕೊಳ್ಳಿ’ ಎಂದು ಹೇಳುತ್ತ ಬಂದ ನನ್ನ ಬಳಿಯೇ ಪಾವತಿ ಇರಲಿಲ್ಲ.

ಕೊನೆಗೆ ಅಕ್ಕಲಕೋಟೆ ಕಡೆಯ ಹಿರಿಯ ಪ್ಲಂಬರರೊಬ್ಬರು ಬಂದರು. ಪಂಪಿನ ಮೇಲೆ ಕೈಯಿಟ್ಟು, ಪೈಪು ಹೋದ ದಾರಿಯನ್ನು ಒಮ್ಮೆ ನೋಡಿ, ‘ಸಾಹೇಬ್ರ, ಪಂಪಿನ್ಯಾಗ ಏನೂ ದೋಷ ಇಲ್ರಿ. ನಿಮ್ಮ ಪೈಪೇ ಅದರ ಕುತ್ತಿಗಿ ಹಿಡದದ’ ಎಂದರು. ಮುಂದೆ ಬರೆಯುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಅರ್ಧ ಪುಸ್ತಕದಿಂದ ತಾಳೆ ನೋಡಿದ್ದು.

ಮೊದಲು ನೀರಿನ ಲೆಕ್ಕ

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ಯೋಜನೆಗಳಲ್ಲಿ ಬಳಸುವ ಮಾನದಂಡ. ಐವರ ಕುಟುಂಬಕ್ಕೆ ದಿನಕ್ಕೆ 675 ಲೀಟರ್. ನಾಲ್ಕು ದಿನಕ್ಕೊಮ್ಮೆ ನೀರು ಬರುವುದಾದರೆ 2,700 ಲೀಟರ್. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರ್ ಹಿಡಿಯುತ್ತದೆ. ಐದು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳದ ನೆಲದ ಹೌದದಲ್ಲಿ 2,800 ಲೀಟರ್ ನಿಲ್ಲುತ್ತದೆ. ಈ ಗುಣಾಕಾರವನ್ನು ಮನೆಯ ಶಾಲಾ ಮಗುವಿನಿಂದಲೇ ಮಾಡಿಸಿರಿ. ಬಾಲಭಾರತಿಯ ಕನ್ನಡ ಗಣಿತದಲ್ಲಿ ಕಲಿತ ಘನಫಲ ಅಂಗಳದಲ್ಲಿಯೇ ಉಪಯೋಗಕ್ಕೆ ಬರುತ್ತದೆ.

ಮಾಳಿಗೆಯ ಮೇಲಿನ ಟಾಕಿ ದೊಡ್ಡದಾಗಬೇಕಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಅದನ್ನು ಹಂಚಿನ ಮಾಳಿಗೆಯ ನಡುವೆ ಅಲ್ಲ, ಗೋಡೆ ಅಥವಾ ತೊಲೆಗಳ ನೆತ್ತಿಯ ಮೇಲೆ ಕೂರಿಸಬೇಕು.

ಪಂಪಿಗೆ ಬೇಕಾದುದು ಎಚ್‌ಪಿ ಅಲ್ಲ, ಹೆಡ್

ಅಂಗಡಿಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದು. ಕೇಳಬೇಕಾದುದು ಎರಡು: ಎಷ್ಟು ಎತ್ತರಕ್ಕೆ, ನಿಮಿಷಕ್ಕೆ ಎಷ್ಟು ಲೀಟರ್. ಎತ್ತರಕ್ಕೆ ಪಂಪಿನ ಭಾಷೆಯಲ್ಲಿ ಹೆಡ್ ಎನ್ನುತ್ತಾರೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಹೌದದ ತಳದಿಂದ ಪಂಪಿಗೆ 6 ಅಡಿ, ಪಂಪಿನಿಂದ ಟಾಕಿಯ ಬಾಯಿಗೆ 30 ಅಡಿ. ಒಟ್ಟು 36 ಅಡಿ, ಅಂದರೆ 11 ಮೀಟರ್. ಪೈಪಿನ ಘರ್ಷಣೆಗೆಂದು ಐದನೆಯ ಒಂದು ಭಾಗ ಸೇರಿಸಿದರೆ 13 ಮೀಟರ್. ಸಾವಿರ ಲೀಟರ್ ಟಾಕಿ 40 ನಿಮಿಷದಲ್ಲಿ ತುಂಬಬೇಕೆಂದರೆ ನಿಮಿಷಕ್ಕೆ 25 ಲೀಟರ್ ಬೇಕು. ಇಷ್ಟು ನೀರನ್ನು ಇಷ್ಟು ಎತ್ತರಕ್ಕೆ ಎತ್ತಲು ನೀರಿಗೆ ಬೇಕಾದ ಶಕ್ತಿ ಐವತ್ತು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಚಿಕ್ಕ ಪಂಪುಗಳು ತಮ್ಮ ಶಕ್ತಿಯ ಮುಕ್ಕಾಲು ಪಾಲನ್ನು ವ್ಯರ್ಥ ಮಾಡಿದರೂ 210 ವ್ಯಾಟ್ ಸಾಕು. ಅರ್ಧ ಎಚ್‌ಪಿ ಎಂದರೆ 373 ವ್ಯಾಟ್. ಎರಡು ಮಜಲೆಯ ಸಾಮಾನ್ಯ ಮನೆಗೆ ಅರ್ಧ ಎಚ್‌ಪಿ ಧಾರಾಳವಾಯಿತು. ನಾನು ತಂದ ಒಂದು ಎಚ್‌ಪಿ ಪಂಪು ವಿದ್ಯುತ್ ಬಿಲ್ಲನ್ನಷ್ಟೇ ಎತ್ತುತ್ತಿತ್ತು.

ಪಂಪಿನ ಪಟ್ಟಿಯ ಮೇಲೆ ಗರಿಷ್ಠ ಹೆಡ್, ಗರಿಷ್ಠ ಡಿಸ್ಚಾರ್ಜ್ ಎಂದು ಎರಡು ಸಂಖ್ಯೆಗಳಿರುತ್ತವೆ. ಅವೆರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಎತ್ತರದಲ್ಲಿ ನೀರು ಶೂನ್ಯ. ಗರಿಷ್ಠ ನೀರು ಬರುವಾಗ ಎತ್ತರ ಅತಿ ಕಡಿಮೆ. ನಮ್ಮ ಹೆಡ್‌ನಲ್ಲಿ ಎಷ್ಟು ಲೀಟರ್ ಬರುತ್ತದೆಂಬ ಕೋಷ್ಟಕವನ್ನು ಕಂಪನಿಯ ಪುಸ್ತಿಕೆಯಲ್ಲಿ ನೋಡಿಯೇ ಕೊಳ್ಳಬೇಕು.

ನೆಲದ ಮೇಲಿನ ಪಂಪು ನೀರನ್ನು ‘ಎಳೆಯುವುದಿಲ್ಲ’. ಅದು ಒಳಗೆ ಬರಿದು ಮಾಡಿದ ಜಾಗಕ್ಕೆ ಗಾಳಿಯ ಒತ್ತಡ ನೀರನ್ನು ದೂಡುತ್ತದೆ. ಆ ಒತ್ತಡ ಸಮುದ್ರಮಟ್ಟದಲ್ಲಿ ಲೆಕ್ಕದ ಪ್ರಕಾರ ಸುಮಾರು 10 ಮೀಟರ್ ಎತ್ತಬಲ್ಲದು. ನಮ್ಮ ಸೋಲಾಪುರದಂಥ ಎತ್ತರದ ಪ್ರದೇಶದಲ್ಲಿ, ನಿಜವಾದ ಪೈಪಿನಲ್ಲಿ, 6 ಮೀಟರ್ ದಾಟಿದರೆ ನೆಚ್ಚುವಂತಿಲ್ಲ. ಅದಕ್ಕಿಂತ ಆಳದ ಬಾವಿ-ಬೋರಿಗೆ ನೀರಿನಲ್ಲಿ ಮುಳುಗುವ ಸಬ್‌ಮರ್ಸಿಬಲ್ ಪಂಪೇ ಬೇಕು.

ಪೈಪು ಮತ್ತು ಮೂಲೆಗಳು

ಅದೇ ಪ್ರಮಾಣದ ನೀರು ಒಂದು ಇಂಚಿನ ಬದಲು ಮುಕ್ಕಾಲು ಇಂಚಿನ ಪೈಪಿನಲ್ಲಿ ಹರಿದರೆ ಘರ್ಷಣೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಪ್ಲಂಬರರು ‘ಕುತ್ತಿಗಿ’ ಎಂದದ್ದು ಇದನ್ನೇ. ಪ್ರತಿ ಎಲ್ಬೋ ಕೂಡ ತನ್ನ ಅಗಲದ ಸುಮಾರು 30 ಪಟ್ಟು ಉದ್ದದ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. ನಮ್ಮ ಸಾಲಿನಲ್ಲಿ ಹದಿಮೂರು ಎಲ್ಬೋಗಳಿದ್ದವು. ಎಂದರೆ ಇಪ್ಪತ್ತೈದು ಅಡಿ ಪೈಪನ್ನು ನಾವು ಬರೀ ಮೂಲೆಗಳಲ್ಲಿ ಬಚ್ಚಿಟ್ಟಿದ್ದೆವು. ನಡುವೆ ನೇರ ದಾರಿ ಸಿಗುವುದಾದರೆ ಗೋಡೆಯ ಅಂದವನ್ನು ಸ್ವಲ್ಪ ಬಿಟ್ಟುಕೊಡಿರಿ. ತಿರುವು ಅನಿವಾರ್ಯವಾದಲ್ಲಿ ಉದ್ದ ಬಾಗಿನ ಬೆಂಡ್ ಹಾಕಿಸಿರಿ.

ಹೌದದಿಂದ ಪಂಪಿಗೆ ಬರುವ ಪೈಪು ಪಂಪಿನ ಬಾಯಿಗಿಂತ ಕಿರಿದಾಗಿರಬಾರದು. ಅದು ಪಂಪಿನತ್ತ ಸತತವಾಗಿ ಏರುತ್ತ ಬರಬೇಕು. ನಡುವೆ ಉಬ್ಬಿದ್ದರೆ ಅಲ್ಲಿ ಗಾಳಿ ಕೂರುತ್ತದೆ. ತುದಿಯ ಫುಟ್ ವಾಲ್ವ್ ತಳದಿಂದ ಅರ್ಧ ಅಡಿಯಾದರೂ ಮೇಲಿರಲಿ, ಕೆಸರು ಹೀರದಂತೆ. ಪಂಪಿನ ಎರಡೂ ಬದಿಗೆ ಯೂನಿಯನ್ ಹಾಕಿಸಿದರೆ ದುರಸ್ತಿಯ ದಿನ ಪೈಪು ಕತ್ತರಿಸುವ ಪ್ರಮೇಯ ಬರುವುದಿಲ್ಲ. ಮೇಲೆ ಹೋಗುವ ಪೈಪಿಗೆ ಒಂದು ನಾನ್-ರಿಟರ್ನ್ ವಾಲ್ವ್ ಇದ್ದರೆ, ಪಂಪು ನಿಂತೊಡನೆ ನೀರಿನ ಕಂಬ ಹಿಂದೆ ಬಿದ್ದು ಪಂಪಿಗೆ ಬಡಿಯುವುದು ತಪ್ಪುತ್ತದೆ.

ಪೈಪಿನ ಜಾತಿಯ ಬಗೆಗೆ ಇಷ್ಟು. ತಣ್ಣೀರಿಗೆ ಯುಪಿವಿಸಿ, ಅದರ ಗುರುತು ಐಎಸ್ 4985. ಬಿಸಿನೀರಿಗೂ ತಣ್ಣೀರಿಗೂ ಆಗುವುದು ಸಿಪಿವಿಸಿ, ಗುರುತು ಐಎಸ್ 15778. ಸೋಲಾರ್ ಬಂಬಿನಿಂದ ಇಳಿಯುವ ನೀರಿಗೆ ಯುಪಿವಿಸಿ ಹಾಕಿದರೆ ಅದು ಮೆತ್ತಗಾಗಿ ಬಾಗುತ್ತದೆ. ಎರಡಕ್ಕೂ ಅಂಟು ಬೇರೆ ಬೇರೆ. ಒಂದರ ಸಾಲ್ವೆಂಟ್ ಸಿಮೆಂಟ್ ಇನ್ನೊಂದಕ್ಕೆ ನಡೆಯದು. ಬಚ್ಚಲು-ಪಾಯಿಖಾನೆಗೆಂದು ಮಾಡಿದ ಬೂದು ಪೈಪು ಅಗ್ಗವೆಂದು ಕುಡಿಯುವ ನೀರಿಗೆ ಎಂದಿಗೂ ಬೇಡ. ಪಿವಿಸಿ ಪೈಪು ತಯಾರಿಸುವಾಗ ಶಾಖಕ್ಕೆ ಕೆಡದಿರಲೆಂದು ಬೆರೆಸುತ್ತಿದ್ದ ಸೀಸದ ಸಂಯುಕ್ತಗಳನ್ನು ತಡೆಯಲು ಕೇಂದ್ರ ಸರಕಾರ 2021ರಲ್ಲಿ ನಿಯಮಗಳನ್ನೇ ಹೊರಡಿಸಿತು. ಸೀಸ ಎಳೆಯ ಮಕ್ಕಳ ಮಿದುಳಿಗೆ ವಿಷ. ಗುರುತಿಲ್ಲದ ಪೈಪು ಅಗ್ಗವಾಗುವುದು ಇಂಥ ಕಾರಣಗಳಿಂದಲೂ ಇರಬಹುದು.

ಮಾಳಿಗೆಯ ಮೇಲೆ ನಮ್ಮ ಬೇಸಿಗೆಯ ಬಿಸಿಲಿಗೆ ಪೈಪು ಒಡ್ಡಬೇಡಿರಿ. ಬಣ್ಣ ಬಳಿಯಿರಿ ಅಥವಾ ಮುಚ್ಚಿರಿ. ನಳ ತಿರುಪುವ ಕಡೆ ಪ್ಲಾಸ್ಟಿಕ್ ಚೂಡಿಗಿಂತ ಹಿತ್ತಾಳೆಯ ಚೂಡಿಯಿರುವ ಎಲ್ಬೋ ಹಾಕಿಸಿರಿ. ನಮ್ಮ ಮನೆಯಲ್ಲಿ ಸೀಳಿದ್ದು ಇದೇ ಜಾಗ: ಕಬ್ಬಿಣದ ನಿಪ್ಪಲನ್ನು ಪಾನಾದಿಂದ ಪ್ಲಾಸ್ಟಿಕ್ಕಿನೊಳಗೆ ಬಿಗಿದಿದ್ದರು.

ಮೇಲಿನ ನಳದಲ್ಲಿ ನೀರು ಸಣ್ಣಗೆ ಬರುತ್ತದೆಂದು ಕೆಲವರು ಇನ್ನೊಂದು ಪಂಪು ಕೊಳ್ಳುತ್ತಾರೆ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ಕಿಲೋ ಒತ್ತಡ. ಟಾಕಿ ನಳದಿಂದ ಮೂರು ಮೀಟರ್ ಮಾತ್ರ ಮೇಲಿದ್ದರೆ ಒತ್ತಡ ಅದರ ಮೂರನೆಯ ಒಂದಂಶವೂ ಇರದು. ಟಾಕಿಯಿಂದ ಇಳಿಯುವ ಪೈಪನ್ನು ಒಂದು ಅಳತೆ ಹಿಗ್ಗಿಸಿದರೆ ಬಹಳಷ್ಟು ಮನೆಗಳಲ್ಲಿ ಆ ಪಂಪಿನ ಅಗತ್ಯವೇ ಬೀಳುವುದಿಲ್ಲ.

ಮಾಡಬಾರದ ಒಂದು ಕೆಲಸ

ಪಾಲಿಕೆಯ ನಳಕ್ಕೆ ನೇರವಾಗಿ ಮೋಟರು ಹಚ್ಚುವುದು ನಮ್ಮ ಎರಡೂ ಊರುಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ಅದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಮೋಟರು ಜಪ್ತಾಗುತ್ತದೆ, ನಳ ಕಡಿಯುತ್ತಾರೆ. ಆದರೆ ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಮೋಟರು ಹೀರಿದಾಗ ರಸ್ತೆಯಡಿಯ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಎಲ್ಲಿಯಾದರೂ ಬಿರುಕಿದ್ದರೆ, ಪಕ್ಕದ ಗಟಾರದ ನೀರು ಆ ಬಿರುಕಿನಿಂದ ಒಳಗೆ ನುಗ್ಗುತ್ತದೆ. ವಾಂತಿ-ಭೇದಿ, ಕಾಮಾಲೆ, ವಿಷಮಶೀತಜ್ವರ ಮೋಟರು ಹಚ್ಚಿದವನ ಮನೆಗೂ ಬರುತ್ತವೆ, ಹಚ್ಚದವನ ಮನೆಗೂ ಬರುತ್ತವೆ. ಓಣಿಯ ಕೊನೆಯ ಮನೆಗೆ ಮಾತ್ರ ನೀರೇ ಬರುವುದಿಲ್ಲ. ನೆಲಮಟ್ಟಕ್ಕಿಂತ ಕೆಳಗೆ ಹೌದ ಕಟ್ಟಿಸಿ, ನಳದ ನೀರು ತಾನಾಗಿ ಅದಕ್ಕಿಳಿಯುವಂತೆ ಮಾಡಿ, ಅಲ್ಲಿಂದ ಪಂಪು ಮಾಡುವುದೇ ನ್ಯಾಯವಾದ ದಾರಿ.

ಕೂಡಿಟ್ಟ ನೀರಿಗೆ ಮುಚ್ಚಳ ಬಿಗಿಯಾಗಿರಲಿ. ಡೆಂಗಿಯ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್ಲು-ಕೊಡಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಬೇಕು. ಪಾಲಿಕೆ ಬೆರೆಸಿದ ಕ್ಲೋರಿನ್ ದಿನ ಕಳೆದಂತೆ ಹಾರಿಹೋಗುತ್ತದೆ. ಮೂರು-ನಾಲ್ಕನೆಯ ದಿನದ ನೀರನ್ನು ಕುಡಿಯುವ ಮೊದಲು ಕುದಿಸಬೇಕು.

ವಿದ್ಯುತ್ತು ಮತ್ತು ಪಾವತಿ

ಪಂಪಿಗೆ ಮೂರು ಕಡ್ಡಿಯ ಪ್ಲಗ್ಗು, ನೆಲಕ್ಕಿಳಿದ ನಿಜವಾದ ಅರ್ಥಿಂಗ್, ಅದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ: ಈ ಮೂರೂ ಇಲ್ಲದ ಪಂಪನ್ನು ಮಕ್ಕಳಿರುವ ಮನೆಯಲ್ಲಿ ನಡೆಸಬಾರದು. ಎಂಸಿಬಿ ಇದೆಯಲ್ಲ ಎಂದು ಹಲವರು ಸಮಾಧಾನಪಡುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮೈಯೊಳಗೆ ಸಣ್ಣ ಪ್ರಮಾಣದ ವಿದ್ಯುತ್ತು ಹರಿದೊಡನೆ ಸಂಪರ್ಕ ಕಡಿಯುವುದು ಆರ್‌ಸಿಸಿಬಿ. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.

ಇನ್ನು ನನ್ನ ವೃತ್ತಿಯ ಮಾತು. ಐಎಸ್ಐ ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಸರಕಾರಿ ಆಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ಗುರುತು ಅಸಲಿಯೋ ನಕಲಿಯೋ ತಿಳಿಯುತ್ತದೆ. ಬಿಲ್ ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ. ಸಾಮಾನು ದೋಷಪೂರಿತವಾಗಿದ್ದರೆ ಅಥವಾ ಕೂಲಿ ಪಡೆದವರ ಕೆಲಸದಲ್ಲಿ ನ್ಯೂನತೆಯಿದ್ದರೆ, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಪುಣೆಯಲ್ಲಿ ಕೊಂಡ ಪಂಪಿಗೂ ಅಕ್ಕಲಕೋಟೆಯಲ್ಲಿ ವಾಸಿಸುವವರು ಸೋಲಾಪುರದಲ್ಲಿಯೇ ದೂರು ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ, ನನ್ನ ವೃತ್ತಿಬಾಂಧವರು ಕ್ಷಮಿಸಲಿ. ಮೊದಲು 1915 ಎಂಬ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದರೂ ಕೆಲವು ತಕರಾರು ಅಲ್ಲಿಯೇ ಮುಗಿಯುತ್ತವೆ. ಆದರೆ ಇಷ್ಟಕ್ಕೆಲ್ಲ ಪಾವತಿ ಬೇಕು.

ಶಾಲೆಯ ನಳ

ಕೊನೆಯದಾಗಿ ನಮ್ಮ ಕನ್ನಡ ಶಾಲೆಗಳ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೆ ಸುರಕ್ಷಿತವಾದ, ಸಾಕಷ್ಟು ಕುಡಿಯುವ ನೀರು ಇರಬೇಕೆಂದಿದೆ. ಅದೇ ಕಾಯಿದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಮಹಿಳೆಯರು. ನೀರಿನ ಕಷ್ಟ ಬಲ್ಲವರೇ ಅಲ್ಲಿ ಕುಳಿತಿರುತ್ತಾರೆ ಎಂದರ್ಥ. ಮುಂದಿನ ಸಭೆಗೆ ಹೋದಾಗ ನಾಲ್ಕು ಪ್ರಶ್ನೆ ಕೇಳೋಣ: ಶಾಲೆಯ ಟಾಕಿಯನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ? ಅದರ ಮುಚ್ಚಳ ಎಲ್ಲಿದೆ? ಕುಡಿಯುವ ನೀರಿನ ಪೈಪು ಯಾವ ಗುರುತಿನದು? ಪಂಪಿಗೆ ಅರ್ಥಿಂಗ್ ಇದೆಯೇ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿರಿ. ಬಾಯಿಮಾತಿನ ದೂರನ್ನು ಮರೆಯಬಹುದು. ನಡಾವಳಿಯಲ್ಲಿ ಬಂದದ್ದಕ್ಕೆ ಯಾರಾದರೊಬ್ಬರು ಉತ್ತರ ಕೊಡಲೇಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಒಂದು ಇಂಚಿನ ಪೈಪು, ಐದೇ ಎಲ್ಬೋ, ಅರ್ಧ ಎಚ್‌ಪಿ ಪಂಪು. ಟಾಕಿ 40 ನಿಮಿಷದಲ್ಲಿ ತುಂಬುತ್ತದೆ. ಪಂಪಿನ ಪಾವತಿಯನ್ನು ಮಗಳು ತನ್ನ ಗಣಿತದ ವಹಿಯಲ್ಲಿಯೇ ಅಂಟಿಸಿದ್ದಾಳೆ. ಎದುರಿನ ಪುಟದಲ್ಲಿ ಹೌದದ ಘನಫಲ, ಹೆಡ್‌ನ ಕೂಡುಲೆಕ್ಕ ಅವಳದೇ ಕೈಬರಹದಲ್ಲಿದೆ. ನೀರು ಬರುವ ದಿನವೂ ಈಗ ಅವಳು ಗಂಟೆ ಬಾರಿಸುವ ಮೊದಲೇ ಶಾಲೆಯಲ್ಲಿರುತ್ತಾಳೆ.